ಅಪ್‌ಡೇಟ್: 8ನೇ ತರಗತಿಗೆ ಸರ್ಕಾರಿ ಹೈಸ್ಕೂಲು, ಯಾರ ಮಾತು ನಂಬೋದು?

ಗಂಗಾವತಿ ಕಡೆಯ ಸರ್ಕಾರಿ ಹೈಸ್ಕೂಲೊಂದರ ಬಗ್ಗೆ ಪಾಲಕರು ಹೊಗಳ್ತಾರೆ, ಮಕ್ಕಳು ಗೊಣಗ್ತಾರೆ, ಯಾವುದು ನಿಜ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಎರಡೂ ನಿಜವೇ. ಪಾಲಕರು ಹೇಳೋದು ಶಿಸ್ತು, ಕಟ್ಟಡ, ಬಿಸಿಯೂಟದ ಬಗ್ಗೆ. ಮಕ್ಕಳು ಹೇಳೋದು ಪೀರಿಯಡ್‌ಗಳಲ್ಲಿ ಪಾಠ ಸರಿಯಾಗಿ ನಡೆಯದ ಬಗ್ಗೆ.

ಹಾಗಾಗಿ ಮಕ್ಕಳನ್ನ 'ಶಾಲೆ ಹೆಂಗೈತಿ?' ಅಂತ ಕೇಳಬೇಡಿ, 'ಚೆನ್ನಾಗೈತಿ' ಅಂದು ಓಡ್ತಾರೆ. ಗಣಿತದ ನೋಟ್‌ಬುಕ್ ತೆರೆಸಿ, ತಾರೀಖು ನೋಡಿ. ಜೂನ್, ಜುಲೈ ಪುಟಗಳು ಖಾಲಿ ಇದ್ದರೆ ಹುದ್ದೆ ಖಾಲಿ ಇತ್ತು, ಅತಿಥಿ ಶಿಕ್ಷಕರು ತಡವಾಗಿ ಬಂದರು ಅನ್ನೋ ಸಾಧ್ಯತೆಯೇ ಹೆಚ್ಚು. ಇಂಗ್ಲಿಷ್, ವಿಜ್ಞಾನಕ್ಕೂ ಇದೇ ಪರೀಕ್ಷೆ. ಕಾಯಂ ಶಿಕ್ಷಕರು ಎಷ್ಟು ಅಂತ ಮುಖ್ಯ ಶಿಕ್ಷಕರನ್ನೇ ನೇರವಾಗಿ ಕೇಳಿ, ಸಂಕೋಚ ಬೇಡ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೇಳಿದಾಗ, ಪರೀಕ್ಷೆ-1ರದ್ದೋ (ಮೊದಲ ಅವಕಾಶ), ಆ ವರ್ಷದ ಎಲ್ಲ ಪರೀಕ್ಷೆ ಸೇರಿಸಿದ್ದೋ ಕೇಳಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇರೋದರಿಂದ (2024, 2025ರಲ್ಲಿ 3 ಇದ್ದವು) ಒಟ್ಟು ಶೇಕಡಾವಾರು ಚೆಂದ ಕಾಣುತ್ತೆ. ಕುಳಿತವರು ಎಷ್ಟು ಮಂದಿ, 625ಕ್ಕೆ 500 ದಾಟಿದವರು ಎಷ್ಟು, ಇದು ಹೆಚ್ಚು ಹೇಳುತ್ತೆ.

ಹಾಜರಾತಿ ಕಡಿಮೆ ಅಂತ ಶಾಲೆಯನ್ನೇ ದೂರೋದು ನನಗೆ ಸರಿ ಕಾಣಲ್ಲ. ಭತ್ತದ ನಾಟಿ, ರಾಯಚೂರು ಕಡೆ ಹತ್ತಿ ಬಿಡಿಸೋ ಹೊತ್ತಿಗೆ ಮಕ್ಕಳನ್ನ ಹೊಲಕ್ಕೆ ಕರ್ಕೊಂಡು ಹೋಗೋರು ನಾವೇ ಅಲ್ಲವೇ?

ಬಸ್: ಹುಡುಗಿಯರಿಗೆ ಶಕ್ತಿ ಯೋಜನೆ, ಹುಡುಗರಿಗೆ ವಿದ್ಯಾರ್ಥಿ ಪಾಸ್. ಸಂಜೆ ವಾಪಸ್ ಬಸ್ಸಿನ ಸಮಯ ಮೊದಲೇ ವಿಚಾರಿಸಿ. ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತಾ ಅನ್ನೋದನ್ನ ತಾಯಂದಿರೇ ಹೋಗಿ ನೋಡಲಿ.