ದೊಡ್ಡ ತೊಟ್ಟಿಯಿಂದ ಚಿಕ್ಕದಕ್ಕೆ: 'ಇಳಿದೆ' ಅನ್ನಬಹುದಾ?

ಗೆಳೆಯರೇ,

ಒಂದು ಪದ ಸಿಗದೆ ವಾರದಿಂದ ಒದ್ದಾಡುತ್ತಿದ್ದೇನೆ. ಉಪ್ಪುನೀರಿನಲ್ಲಿ ಹವಳ ಮತ್ತು ಮೀನು ಸಾಕುವ ಹುಚ್ಚು ನನ್ನದು. ಮೊದಲು 400 ಲೀಟರಿನ ತೊಟ್ಟಿ ಇತ್ತು. ಈಗ ಇರುವುದು 60 ಲೀಟರಿನದು. ಇದನ್ನು ಹೇಗೆ ಮಾಡಿದೆ ಅಂತ ಹೊಸಬರಿಗಾಗಿ ಬರೆಯಲು ಕೂತೆ. ತಲೆಬರಹದಲ್ಲೇ ಕೈ ನಿಂತಿತು. ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಬರುವ ಈ ಕೆಲಸಕ್ಕೆ ಏನನ್ನೋಣ? ಇಂಗ್ಲಿಷಿನವರು ಡೌನ್‌ಸೈಸಿಂಗ್ ಅಂದು ಮುಗಿಸುತ್ತಾರೆ.

ಬಾಯಿಗೆ ಮೊದಲು ಬಂದದ್ದು 'ಇಳಿ'. "ದೊಡ್ಡ ಟ್ಯಾಂಕಿನಿಂದ ಚಿಕ್ಕದಕ್ಕೆ ಇಳಿದೆ." ಕೇಳಲು ಸಹಜವಾಗಿದೆ. ತೊಂದರೆ ಏನೆಂದರೆ, 'ಇಳಿ' ಅಂದ ಕೂಡಲೇ ಏನೋ ಹಗುರಾದ ಭಾವ ಬರುತ್ತದೆ. ಭಾರ ಇಳಿಯಿತು, ಜ್ವರ ಇಳಿಯಿತು ಅನ್ನುತ್ತೇವೆ ಅಲ್ವಾ? ಹೊಸಬರು ಇದನ್ನು ಓದಿ, ಚಿಕ್ಕ ತೊಟ್ಟಿ ಅಂದರೆ ಕಡಿಮೆ ಕೆಲಸ ಅಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು.

ಒಂದು ಲೆಕ್ಕ ಹೇಳುತ್ತೇನೆ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು. ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. 400 ಲೀಟರಿನಲ್ಲಿ 3 ಲೀಟರ್ ಆವಿಯಾದರೆ ಉಪ್ಪು 35ರಿಂದ 35.3ಕ್ಕೆ ಏರುತ್ತದೆ. ಮೀನಿಗೆ ಗೊತ್ತೂ ಆಗುವುದಿಲ್ಲ. 60 ಲೀಟರಿನಲ್ಲಿ ಅದೇ 3 ಲೀಟರ್ ಹೋದರೆ 36.8. ನಾನು ಒಮ್ಮೆ ನಾಲ್ಕು ದಿನ ಮನೆಯಲ್ಲಿರಲಿಲ್ಲ. ವಾಪಸ್ ಬಂದಾಗ ಹವಳಗಳೆಲ್ಲ ಮುಖ ಮುಚ್ಚಿಕೊಂಡು ಕೂತಿದ್ದವು. ಹೀಟರ್ ಕೆಟ್ಟರೂ ಅಷ್ಟೆ, ದೊಡ್ಡ ತೊಟ್ಟಿ ನಿಧಾನಕ್ಕೆ ತಣಿಯುತ್ತದೆ, ಚಿಕ್ಕದು ಬೇಗ. ಹಾಗಾಗಿ 'ಇಳಿದೆ' ಬರೆಯಲು ಮನಸ್ಸು ಒಪ್ಪುತ್ತಿಲ್ಲ.

(ನಡುವೆ ಒಂದು ಮಾತು. ಆವಿಯಾದಷ್ಟು ನೀರನ್ನು ಮತ್ತೆ ತುಂಬಬೇಕು, ಅದಕ್ಕೆ ಉಪ್ಪುನೀರು ಹಾಕಬಾರದು, ಸಿಹಿನೀರನ್ನೇ ಹಾಕಬೇಕು. ಇದನ್ನು ಬರೆದದ್ದಕ್ಕೆ ಒಬ್ಬ ಹುಡುಗ "ಸಕ್ಕರೆ ಎಷ್ಟು ಹಾಕಬೇಕು ಸಾರ್?" ಅಂತ ಕೇಳಿದ. ತಮಾಷೆಗೆ ಕೇಳಿದನೋ ನಿಜಕ್ಕೂ ಕೇಳಿದನೋ, ಇವತ್ತಿಗೂ ತಿಳಿದಿಲ್ಲ.)

ಆಮೇಲೆ 'ಕುಗ್ಗಿಸು' ನೋಡಿದೆ. ಕುಗ್ಗಬೇಕಾದರೆ ಇದ್ದದ್ದೇ ಚಿಕ್ಕದಾಗಬೇಕು. ಗಾಜು ಕುಗ್ಗುವುದಿಲ್ಲ. ಜೊತೆಗೆ ಮನಸ್ಸು ಕುಗ್ಗಿದ ನೆರಳೂ ಆ ಪದದ ಮೇಲಿದೆ. 'ಸ್ಥಳಾಂತರ' ಸರಿಯಾಗೇ ಇದೆ, ಆದರೆ ಕಚೇರಿಯ ಬೋರ್ಡಿನ ಹಾಗೆ ಕಾಣುತ್ತದೆ. 'ವರ್ಗಾವಣೆ' ಬೇಡವೇ ಬೇಡ. ಮೀನಿಗೆ ಆದೇಶ ಬಂದ ಹಾಗಿರುತ್ತದೆ.

ಹಾಗಾದರೆ ಇಲ್ಲಿ ನಿಜವಾಗಿ ಜಾಗ ಬದಲಿಸುವುದು ಏನು ಅಂತ ಯೋಚಿಸಿದೆ. ಗಾಜಲ್ಲ, ನೀರೂ ಮುಖ್ಯವಲ್ಲ. ಹಳೆಯ ಕಲ್ಲುಗಳು ಮುಖ್ಯ. ಮೀನಿನ ಕೊಳೆಯಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಹೆಚ್ಚಾಗಿ ಕಲ್ಲಿನ ಮೈಮೇಲೆ ಮತ್ತು ಸಂದಿಗಳಲ್ಲಿ. ನೀರಿನಲ್ಲಿ ತೇಲುವುದು ಸ್ವಲ್ಪವೇ. ಕಲ್ಲು ಒಣಗದಂತೆ ಸಾಗಿಸಿದರೆ ಆ ಸಂಸಾರವೂ ಜೊತೆಗೆ ಬರುತ್ತದೆ. ಹಳೆ ಮರಳನ್ನು ಮಾತ್ರ ಹಾಗೇ ತರಬಾರದು. ವರ್ಷಗಳ ಕೊಳೆ ಅದರ ಅಡಿಯಲ್ಲಿ ಕೂತಿರುತ್ತದೆ, ಕೆದಕಿದರೆ ಎದ್ದು ಬರುತ್ತದೆ. 'ಕೆದಕು' ಇಲ್ಲಿ ಎರಡೂ ಅರ್ಥದಲ್ಲಿ ಸರಿಹೊಂದುತ್ತದೆ ನೋಡಿ.

ಅಂದರೆ ಇದು ಮನೆಮಂದಿಯೆಲ್ಲ ಹೊಸ ಮನೆ ಹೊಕ್ಕ ಹಾಗೆ. ಅದಕ್ಕೇ ನನಗೆ 'ಒಕ್ಕಲು' ಹೊಳೆಯಿತು. ಹೊಸ ಮನೆಗೆ ಹೋಗುವುದನ್ನು ಮನೆಯೊಕ್ಕಲು ಅನ್ನುವುದುಂಟಲ್ಲ, ಅದೇ ದಾರಿಯಲ್ಲಿ 'ತೊಟ್ಟಿಯೊಕ್ಕಲು'. ಇನ್ನೊಂದು ಅನುಕೂಲವೂ ಇದೆ. 60 ಲೀಟರಿಗೆ ಎಲ್ಲರೂ ಬರಲಾಗುವುದಿಲ್ಲ. ನನ್ನ ಹಳದಿ ಟ್ಯಾಂಗ್ ಸುಮಾರು 20 ಸೆಂಟಿಮೀಟರ್‌ವರೆಗೆ ಬೆಳೆಯುವ ಜಾತಿ, ದಿನವಿಡೀ ಓಡಾಡುವ ಮೀನು. ಅದಕ್ಕೆ ಬೇರೆಯವರ ದೊಡ್ಡ ತೊಟ್ಟಿ ಹುಡುಕಬೇಕಾಯಿತು. ಅದು 'ಒಕ್ಕಲೆಬ್ಬಿಸಿದ್ದು'. ಎರಡು ಕ್ಲೌನ್ ಮೀನು ಮತ್ತು ಒಂದು ಗೋಬಿ ಮೀನು ಉಳಿದವು. ಅವು ಹೊಸ ತೊಟ್ಟಿಯಲ್ಲಿ 'ಒಕ್ಕಲಾದವು'. ಒಂದೇ ಪದದಿಂದ ಎರಡೂ ಕೆಲಸ. ಆದರೆ ದೊಡ್ಡದರಿಂದ ಚಿಕ್ಕದಕ್ಕೆ ಅನ್ನುವ ಅರ್ಥ ಇದರಲ್ಲಿ ಇಲ್ಲ. ಅದನ್ನು ಬೇರೆಯಾಗಿ ಹೇಳಬೇಕು. ಇದು ಕೊರತೆಯೇ, ಒಪ್ಪುತ್ತೇನೆ.

ಇನ್ನು ಎರಡು ಜೋಡಿ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು 'ಪಳಗು' ಮತ್ತು 'ಒಗ್ಗು'. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಯಾಗಲು ಕೆಲವು ವಾರ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸೈಕಲ್ ಮಾಡುವುದು ಅನ್ನುತ್ತಾರೆ. ಕನ್ನಡದಲ್ಲಿ ಹಾಗೇ ಬರೆದರೆ ಯಾರೋ ಪೆಡಲ್ ತುಳಿದ ಹಾಗಿರುತ್ತದೆ. ನಾನು 'ತೊಟ್ಟಿ ಪಳಗಿತು' ಅಂತ ಬರೆಯುತ್ತೇನೆ, ಪಳಗಿದ ಕೈ ಅನ್ನುವ ಹಾಗೆ. ಮೀನನ್ನು ಹೊಸ ನೀರಿಗೆ ಹೊಂದಿಸುವುದಕ್ಕೆ 'ಒಗ್ಗಿಸು'. ಆ ಊರಿನ ನೀರು ಒಗ್ಗಲಿಲ್ಲ ಅಂತ ನಾವು ಹೇಳುತ್ತಲೇ ಬಂದಿದ್ದೇವೆ. ಮೀನಿನ ವಿಷಯದಲ್ಲಿ ಅದು ಅಕ್ಷರಶಃ ನಿಜ. ದೂರದಿಂದ ಬಂದ ಮೀನಿನ ಚೀಲಕ್ಕೆ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬಿಟ್ಟು ಒಗ್ಗಿಸುತ್ತಾರೆ. ನಮ್ಮದೇ ಎರಡು ತೊಟ್ಟಿಗಳ ನಡುವೆಯಾದರೆ ಉಪ್ಪು ಮತ್ತು ಬಿಸಿ ಎರಡೂ ಮೊದಲೇ ಸಮ ಮಾಡಿಟ್ಟರೆ ಒಗ್ಗಿಸುವ ಕೆಲಸ ಅಷ್ಟಾಗಿ ಇರುವುದಿಲ್ಲ. ತೊಟ್ಟಿ ಪಳಗುತ್ತದೆ, ಮೀನು ಒಗ್ಗುತ್ತದೆ. ಈ ವಿಂಗಡಣೆ ನಿಮಗೆ ಸರಿಯೆನಿಸುತ್ತದಾ?

ಎರಡನೆಯದು ಕಗ್ಗಂಟು. ಹವಳವನ್ನು 'ಸಾಕುವುದಾ', 'ಬೆಳೆಸುವುದಾ'? ಪ್ರಾಣಿಯಾದರೆ ಸಾಕುತ್ತೇವೆ, ಗಿಡವಾದರೆ ಬೆಳೆಸುತ್ತೇವೆ. ಹವಳ ಪ್ರಾಣಿ. ಆದರೆ ತೊಟ್ಟಿಯಲ್ಲಿಡುವ ಹೆಚ್ಚಿನ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬೆಳಕಿನಿಂದ ಮಾಡಿದ ಆಹಾರದಲ್ಲೇ ಹವಳದ ಬದುಕು ಬಹುಪಾಲು ಸಾಗುತ್ತದೆ. ಕೊಂಬೆ ಮುರಿದು ಇನ್ನೊಂದು ಕಲ್ಲಿಗೆ ಅಂಟಿಸಿದರೆ ಹೊಸದಾಗಿ ಬೆಳೆಯುತ್ತದೆ. ದೊಡ್ಡ ತೊಟ್ಟಿಯಿಂದ ನಾನು ತಂದದ್ದೂ ಇಂಥ ತುಂಡುಗಳನ್ನೇ, ಇಡೀ ಹವಳಗಳು ಹಿಡಿಸುತ್ತಿರಲಿಲ್ಲ. ಅವನ್ನು 'ತುಂಡು' ಅನ್ನಲು ಮನಸ್ಸಿಲ್ಲ, ಸತ್ತ ವಸ್ತುವಿನ ಹಾಗೆ ಕೇಳುತ್ತದೆ. 'ಸಸಿ' ಅಂದರೆ ಚೆಂದ, ಆದರೆ ಪ್ರಾಣಿಗೆ ಸಸಿ ಎಲ್ಲಿಂದ ಬರಬೇಕು? ಸದ್ಯಕ್ಕೆ 'ಹವಳದ ಕುಡಿ' ಅಂತ ಬರೆದಿದ್ದೇನೆ. ಕುಡಿ ಬಳ್ಳಿಗೂ ಆಗುತ್ತದೆ, ವಂಶಕ್ಕೂ ಆಗುತ್ತದೆ.

ಕೊನೆಗೆ ಮತ್ತೆ ಅದೇ ಪ್ರಶ್ನೆ. ಮನುಷ್ಯರಲ್ಲದವಕ್ಕೆ 'ಒಕ್ಕಲು' ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಹುತ್ತದ ಹಾವಿಗೋ, ಮಾಡಿನ ಗುಬ್ಬಿಗೋ? ಇಲ್ಲವಾದರೆ 'ಬಿಡಾರ ಬದಲಿಸು' ಅನ್ನೋಣವೇ ಅಂತಲೂ ಅನ್ನಿಸಿದೆ. ಆದರೆ ಬಿಡಾರ ಅಂದರೆ ನಾಲ್ಕು ದಿನದ ತಂಗುವಿಕೆ, ನನ್ನ ಕ್ಲೌನ್ ಜೋಡಿ ಕಲ್ಲಿನ ಮೂಲೆಯೊಂದನ್ನು ಆಗಲೇ ತಮ್ಮದು ಮಾಡಿಕೊಂಡಿದೆ. ಕೈ ಹಾಕಿದರೆ ಕಚ್ಚಲು ಬರುತ್ತವೆ.