ಫ್ರಾನ್ಸ್‌ನ ಯು-ಬೋಟ್ ನೆಲೆಗಳಿಗೆ ಬೈಕ್ ಯಾತ್ರೆ: ಕೆಎಲ್-14 (ಕಾಸರಗೋಡು) ಲೈಸೆನ್ಸ್ ಸಾಕಾ?

ಕುಂಬಳೆ ಸವಾರ:
ಜೂನ್‌ನಲ್ಲಿ ನಾವು ನಾಲ್ವರು ಸ್ನೇಹಿತರು ನಾಂಟ್‌ನಲ್ಲಿ ಬೈಕ್ ಬಾಡಿಗೆಗೆ ಹಿಡಿದು ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ (ಯು-ಬೋಟ್) ನೆಲೆಗಳನ್ನು ನೋಡುವ ಅಂದಾಜು. ಬ್ರೆಸ್ಟ್, ಲೋರಿಯಾಂ, ಸಾಂ-ನಜೇರ್, ಲಾ ರೊಷೆಲ್, ಬೋರ್ಡೋ ಐದೂ ಪಟ್ಟಿಯಲ್ಲಿ ಉಂಟು. ಕೈಯಲ್ಲಿರುವುದು ಎಂಟೇ ದಿನ. ಯಾವುದನ್ನು ಬಿಡಬೇಕು? ಕಾಗದಪತ್ರ ಏನೇನು? ಇಲ್ಲಿನ ಹೆಲ್ಮೆಟ್, ಗ್ಲೌಸ್ ಅಲ್ಲಿ ನಡೀತದಾ? ತಿಳಿದವರು ಬಿಡಿಸಿ ಹೇಳಿ.

ಬದಿಯಡ್ಕದ ಬೈಕಿಗ:
ಮೊದಲು ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಸಾರಥಿ ಪೋರ್ಟಲ್‌ನಲ್ಲಿ ಫಾರಂ 4ಎ, ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. ಪುಸ್ತಕ ಕೈಗೆ ಬಂದ ಕೂಡಲೇ ‘ಎ’ ವರ್ಗದ ಎದುರು ಮೊಹರು ಬಿದ್ದಿದೆಯಾ ನೋಡಿ. ಕಾರಿನ ‘ಬಿ’ಗೆ ಮಾತ್ರ ಬಿದ್ದಿದ್ದರೆ ಬೈಕ್ ಸಿಗುವುದಿಲ್ಲ. ನಮ್ಮ ಕಡೆ ಲೈಸೆನ್ಸ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಇರುವುದು ಮಾಮೂಲು; ಅದನ್ನು ಅರ್ಜಿ ಹಾಕುವ ಮೊದಲೇ ಸರಿ ಮಾಡಿಸಿ. ಮೂಲ ಲೈಸೆನ್ಸ್ ಜೊತೆಗಿಲ್ಲದೆ ಐಡಿಪಿಗೆ ಬೆಲೆ ಇಲ್ಲ. ಬಾಡಿಗೆಯ ಠೇವಣಿಗೆ ಸವಾರನ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುವುದು ರೂಢಿ, ಫಾರೆಕ್ಸ್ ಕಾರ್ಡ್ ನಂಬಿ ಹೋಗಬೇಡಿ.

ಐಎಸ್ಐ ಮಾತ್ರ ಇರುವ ಹೆಲ್ಮೆಟ್ ಅಲ್ಲಿ ನಡೆಯುವುದಿಲ್ಲ. ಗಲ್ಲದ ಪಟ್ಟಿಗೆ ಹೊಲಿದ ಚೀಟಿಯಲ್ಲಿ ವೃತ್ತದೊಳಗೆ ಇಂಗ್ಲಿಷ್‌ನ ‘ಇ’ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ ಇರಬೇಕು. ಹೆಲ್ಮೆಟ್‌ನ ನಾಲ್ಕೂ ಬದಿಗೆ ಬೆಳಕು ಹೊಳೆಯುವ ಸ್ಟಿಕರ್ ಕಡ್ಡಾಯ. ಗ್ಲೌಸ್ 2016ರ ನವೆಂಬರ್‌ನಿಂದ ಕಡ್ಡಾಯ, ಹಿಂದೆ ಕೂರುವವರಿಗೂ. ಒಳಗಿನ ಚೀಟಿಯಲ್ಲಿ ಸಿಇ ಗುರುತು ಬೇಕು. ಹೊಳೆಯುವ ವೆಸ್ಟ್ ಬೈಕಿನಲ್ಲೇ ಇರಬೇಕು.

ಚಂದ್ರಗಿರಿ ತೀರ:
ಬ್ರೆಸ್ಟ್ ಬಿಡಿ. ಅಲ್ಲಿನ ನೆಲೆ ಇವತ್ತಿಗೂ ಫ್ರೆಂಚ್ ನೌಕಾಪಡೆಯ ಆವರಣದೊಳಗೆ. ಲಾ ರೊಷೆಲ್‌ನ ಲಾ ಪಾಲಿಸ್ ಕೂಡ ವ್ಯಾಪಾರಿ ಬಂದರಿನ ಒಳಗೆ, ಹೊರಗಿನಿಂದ ನೋಡಿ ಮುಂದೆ ಹೋಗಿ. ಉಳಿಸಿದ ಸಮಯವನ್ನು ಲೋರಿಯಾಂಗೆ ಕೊಡಿ.

ಅಲ್ಲಿನ ಕೆರೋಮಾನ್ ನೆಲೆಯಲ್ಲಿ ನೋಡಬೇಕಾದ್ದು ಇಳಿಜಾರು. ತೇಲುತ್ತಾ ಬಂದ ಜಲಾಂತರ್ಗಾಮಿಯನ್ನು ನೀರಿನೊಳಗಿನ ತೊಟ್ಟಿಲಿನಂಥ ಗಾಡಿಯ ಮೇಲೆ ಕೂರಿಸಿ, ಹಳಿಯ ಮೇಲೆ ಎಳೆದು ದಡಕ್ಕೆ ಹತ್ತಿಸುತ್ತಿದ್ದರು. ಮತ್ತೆ ಅಡ್ಡ ಸರಿಯುವ ಇನ್ನೊಂದು ಗಾಡಿ ಅದನ್ನು ಹೊತ್ತು ಬೇಕಾದ ಕೋಣೆಯ ಎದುರು ನಿಲ್ಲಿಸುತ್ತಿತ್ತು. ಕೆ-1, ಕೆ-2 ಎಂಬ ಕಟ್ಟಡಗಳಲ್ಲಿ ಹೀಗೆ ಒಣ ಕೋಣೆಗಳು. ಕೆ-3ರಲ್ಲಿ ಮಾತ್ರ ನೀರು. ಬಾಂಬ್ ದಾಳಿಗೆ 1943ರ ಆರಂಭದಲ್ಲಿ ಊರೇ ನೆಲಸಮವಾಯ್ತು, ಈ ಕಾಂಕ್ರೀಟ್ ಉಳಿಯಿತು.

ನಮ್ಮವರಿಗೆ ಇನ್ನೊಂದು ಕಾರಣವೂ ಉಂಟು. ನೇತಾಜಿ 1943ರ ಫೆಬ್ರವರಿಯಲ್ಲಿ ಜರ್ಮನಿಯ ಕೀಲ್‌ನಿಂದ ಹೊರಟ ಜಲಾಂತರ್ಗಾಮಿ ಯು-180, ಏಪ್ರಿಲ್‌ನಲ್ಲಿ ಮಡಗಾಸ್ಕರ್ ಬಳಿ ಅವರನ್ನು ಜಪಾನಿನ ಜಲಾಂತರ್ಗಾಮಿ ಐ-29ಕ್ಕೆ ದಾಟಿಸಿ, ಹಿಂದಿರುಗಿದ್ದು ಬೋರ್ಡೋಗೆ. ಆ ಐ-29 ಕೂಡ 1944ರ ಮಾರ್ಚ್‌ನಲ್ಲಿ ಲೋರಿಯಾಂಗೆ ಬಂದಿತ್ತು. ನಿಮ್ಮ ದಾರಿಯ ಎರಡೂ ಊರು!

ಸಾಂ-ನಜೇರ್‌ನಲ್ಲಿ 14 ಕೋಣೆಗಳ ನೆಲೆಯ ಮಾಡಿನ ಮೇಲೆ ಹತ್ತಲಿಕ್ಕೆ ಬಿಡ್ತಾರೆ. ಅಲ್ಲಿಂದ ದೊಡ್ಡ ಹಡಗುಗಳ ರಿಪೇರಿಯ ನೋರ್ಮಾಂಡಿ ಡಾಕ್ ಕಾಣ್ತದೆ. 1942ರ ಮಾರ್ಚ್ 28ರ ನಸುಕಿನಲ್ಲಿ ಬ್ರಿಟಿಷರು ಸ್ಫೋಟಕ ತುಂಬಿದ ‘ಕ್ಯಾಂಬೆಲ್‌ಟೌನ್’ ಹಡಗನ್ನು ಅದರ ಬಾಗಿಲಿಗೆ ನುಗ್ಗಿಸಿದರು. ಮಧ್ಯಾಹ್ನದ ಮೊದಲು ಅದು ಸಿಡಿಯಿತು. ಜರ್ಮನರ ‘ಟಿರ್ಪಿಟ್ಸ್’ನಷ್ಟು ದೊಡ್ಡ ಯುದ್ಧನೌಕೆಗೆ ಅಟ್ಲಾಂಟಿಕ್ ದಡದಲ್ಲಿ ಜಾಗವಿದ್ದ ಡಾಕ್ ಅದೊಂದೇ. ಯುದ್ಧ ಮುಗಿಯುವವರೆಗೂ ಅದು ಕೆಲಸಕ್ಕೆ ಬರಲಿಲ್ಲ.

ಕುಂಬಳೆ ಸವಾರ:
ಬ್ರೆಸ್ಟ್ ಬಿಟ್ಟೆವು. ರಸ್ತೆಯಲ್ಲಿ ಎಡವಟ್ಟಾಗುವುದು ಎಲ್ಲಿ, ಅದನ್ನೂ ಹೇಳಿ ಮಾರಾಯ್ರೆ.

ಬದಿಯಡ್ಕದ ಬೈಕಿಗ:
ದೊಡ್ಡ ರಸ್ತೆಯಲ್ಲಿ ಬಲಬದಿ ತಾನಾಗಿ ಅಭ್ಯಾಸ ಆಗ್ತದೆ. ತಪ್ಪುವುದು ಪೆಟ್ರೋಲ್ ಪಂಪಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ಕೈ ತನ್ನಷ್ಟಕ್ಕೆ ಎಡಕ್ಕೆ ಹೋಗ್ತದೆ. ಟ್ಯಾಂಕಿನ ಮೇಲೆ ಬಲಕ್ಕೆ ಬಾಣದ ಗುರುತು ಅಂಟಿಸಿ. ಪಂಪಿನಲ್ಲಿ ‘ಗಾಜೋಲ್’ ಅಂದರೆ ಡೀಸೆಲ್, ಹಳದಿ ನಳಿಕೆ. ನಿಮಗೆ ಬೇಕಾದ್ದು ಹಸಿರು, ‘ಎಸ್‌ಪಿ95’ ಅಥವಾ ‘ಎಸ್‌ಪಿ98’.

ಹಳ್ಳಿಯೊಳಗೆ ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೇ ಮೊದಲ ಹಕ್ಕು, ಅವನದು ಗಲ್ಲಿಯಾದರೂ. ಹಳದಿ ವಜ್ರಾಕೃತಿಯ ಫಲಕ ಕಂಡರೆ ಹಕ್ಕು ನಿಮ್ಮದು. ಅದಕ್ಕೆ ಅಡ್ಡಗೆರೆ ಎಳೆದಿದ್ದರೆ ಮುಗಿಯಿತು ಅಂತ ಅರ್ಥ.

ಸಾಂ-ನಜೇರ್‌ನಿಂದ ದಕ್ಷಿಣಕ್ಕೆ ಲ್ವಾರ್ ನದಿಯ ಸೇತುವೆ ಮೂರು ಕಿಲೋಮೀಟರಿಗೂ ಉದ್ದ, ನಡುವಲ್ಲಿ ನೀರಿನಿಂದ 60 ಮೀಟರ್ ಎತ್ತರ. ನಮ್ಮ ಚಂದ್ರಗಿರಿ ಸೇತುವೆಯ ಗಾಳಿ ಅದರೆದುರು ಏನೂ ಅಲ್ಲ. ಕಮಾನಿನಾಕಾರದ ಏರಿನಲ್ಲಿ ಅಡ್ಡಗಾಳಿ ಬಡಿಯುವಾಗ ಹ್ಯಾಂಡಲ್ ಬಿಗಿಹಿಡಿಯಬೇಡಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ. ನಾಲ್ಕು ಬೈಕ್ ಅಂಟಿಕೊಂಡು ಹೋಗಬಾರದು. ಬಿರುಗಾಳಿಯ ದಿನವಾದರೆ ನಾಂಟ್ ಸುತ್ತಿ ಹೋಗಿ.