ಕಸ ಅಲ್ಲ, ಗುಜರಿಯೂ ಅಲ್ಲ: ಎತ್ತಿಟ್ಟ ಸಾಮಾನಿಗೆ ಏನನ್ನಬೇಕು?

ಸ್ನೇಹಿತರೇ,

ಒಂದು ಪದ ಬೇಕಾಗಿದೆ. ಮೈಸೂರಿನ ನಮ್ಮ ಮನೆಯಲ್ಲಿ ನಾನೂ ಮಗಳೂ ಸೇರಿ ಮೀಟರ್ ಗೇಜ್ ಕಾಲದ ಒಂದು ರೈಲು ನಿಲ್ದಾಣದ ಪುಟ್ಟ ಮಾದರಿ ಕಟ್ಟುತ್ತಿದ್ದೇವೆ. ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಮ್ಮಿಗೆ ಹೋಗಿಬಂದ ಮೇಲೆ ಹತ್ತಿದ ಹುಚ್ಚು ಇದು. ಅಳತೆ 87ಕ್ಕೆ 1. ಹಳಿಗಳ ನಡುವೆ ನಿಜದಲ್ಲಿ 1 ಮೀಟರ್ ಇದ್ದರೆ ಇಲ್ಲಿ ಹನ್ನೊಂದೂವರೆ ಮಿಲಿಮೀಟರ್. ದುಡ್ಡು ಕೊಟ್ಟು ತಂದದ್ದು ಅಂಟು ಮತ್ತು ಬಣ್ಣ ಮಾತ್ರ. ಮಿಕ್ಕಿದ್ದೆಲ್ಲ ಎತ್ತಿಟ್ಟದ್ದು, ಇಲ್ಲವೇ ಸುಮ್ನೆ ಸಿಕ್ಕಿದ್ದು. ಆ ಸಾಮಾನಿಗೆ ಒಟ್ಟಾಗಿ ಏನನ್ನಬೇಕು?

ಮಗಳ ಶಾಲೆಯಲ್ಲಿ 'ಕಸದಿಂದ ರಸ' ಅನ್ನುತ್ತಾರೆ. ಪ್ರಾಸ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಕಸ ಅಂದರೆ ಗುಡಿಸಿ ಹೊರಗೆ ಹಾಕೋದು. ನಮ್ಮ ಡಬ್ಬಿಯಲ್ಲಿರೋದನ್ನು ಯಾರೂ ಹೊರಗೆ ಹಾಕಿಯೇ ಇಲ್ಲ. ಮದುವೆ ಕರೆಯೋಲೆಗಳನ್ನೇ ನೋಡಿ. ಮೂಲೆಯಲ್ಲಿ ಅರಿಶಿನ, ಮೇಲೆ ಗಣಪತಿ. ಮದುವೆ ಮುಗಿದು ವರ್ಷವಾದರೂ ಬಿಸಾಡಲು ಕೈ ಬರಲ್ಲ. ಗಣಪತಿಯ ಚಿತ್ರ ಕತ್ತರಿಸಿ ದೇವರ ಮನೆಯಲ್ಲಿಟ್ಟೆವು. ಉಳಿದ ಗಟ್ಟಿ ಕಾಗದದಲ್ಲಿ ನಿಲ್ದಾಣದ ಗೋಡೆ ಎದ್ದಿತು. ಇದನ್ನು ಕಸ ಅನ್ನೋಕೆ ಆಗುತ್ತಾ?

'ಗುಜರಿ' ಅನ್ನೋಣ ಅಂದರೆ ಅದು ವ್ಯಾಪಾರದ ಮಾತು. ಮರಾಠಿಯಲ್ಲಿ ಗುಜರಿ ಅಂದರೆ ಸಂಜೆ ಹೊತ್ತು ಬೀದಿಬದಿ ಸೇರುವ ಸಂತೆ. ನಮ್ಮಲ್ಲಿ ಹಳೇ ಕಬ್ಬಿಣ ತೂಕಕ್ಕೆ ಹಾಕುವ ಅಂಗಡಿ. 'ರದ್ದಿ' ಹಳೇ ಪೇಪರಿಗೆ ಸರಿ. ಅದು 'ರದ್ದು' ಪದದ ನಂಟು, ಎರಡಕ್ಕೂ ಮೂಲ ಅರಬ್ಬಿ: ಬೇಡ ಅಂತ ತಳ್ಳಿದ್ದು. ನಮ್ಮದು ಬೇಕು ಅಂತ ಇಟ್ಟುಕೊಂಡದ್ದು.

ನಮ್ಮಮ್ಮನ ಊರು ಮಂಡ್ಯ ಕಡೆ. ಅಲ್ಲಿ ಭತ್ತದ ಗಿರಣಿಯಲ್ಲಿ ಅಕ್ಕಿ ಬಿಟ್ಟು ಉಳಿಯೋದಕ್ಕೆಲ್ಲ ಹೆಸರಿದೆ. ತೌಡು ದನಕ್ಕೆ, ನುಚ್ಚು ಅಡುಗೆಗೆ, ಹೊಟ್ಟು ಒಲೆಗೆ. ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ಅದೇ ಬೆಲ್ಲದ ಕೊಪ್ಪರಿಗೆ ಕೆಳಗೆ ಉರಿಸುತ್ತಾರೆ. ಇವನ್ನು ಯಾರೂ ಕಸ ಅನ್ನಲ್ಲ. ಬಳಕೆ ಇದ್ದದ್ದಕ್ಕೆ ಜನ ಹೆಸರಿಟ್ಟಿದ್ದಾರೆ. ನಮ್ಮ ಡಬ್ಬಿಗೂ ಒಂದು ಇರಬೇಕು ಅಲ್ವಾ?

ಬಿಡಿಬಿಡಿಯಾಗಿ ನೋಡಿದರೆ ಪದಗಳಿಗೆ ಬರವಿಲ್ಲ. ಹಳಿಯ ಕೆಳಗಿನ ಜಲ್ಲಿಗಾಗಿ, ಪಕ್ಕದಲ್ಲಿ ಮನೆ ಕಟ್ಟಿಸುವವರ ಹತ್ತಿರ ಒಂದು ಹಿಡಿ ಮರಳು ಕೇಳಿ ತಂದೆವು. ನಿಜವಾದ ಜಲ್ಲಿ ಸುಮಾರು 50 ಮಿಲಿಮೀಟರ್. ನಮ್ಮ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ದೂಳು ಊದಿದಾಗ ಉಳಿದದ್ದನ್ನು ಮಗಳು 'ತರಿ' ಅಂದಳು. ರವೆಯಷ್ಟೇ ದಪ್ಪ, ಪದ ತಾನಾಗಿ ಬಂತು. ಹಳಿಗಳ ಕೆಳಗೆ ಅಡ್ಡಲಾಗಿ ಹಾಕುವ ಮರದ ಸ್ಲೀಪರಿನ ಉದ್ದ ಸುಮಾರು 6 ಅಡಿ, ಇಲ್ಲಿ 21 ಮಿಲಿಮೀಟರ್. ಮದ್ದು ತೆಗೆದ ಬೆಂಕಿಕಡ್ಡಿಯ ಅರ್ಧ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಬಲ್ಬಿನ ಡಬ್ಬಿಯನ್ನು ಒದ್ದೆ ಮಾಡಿ ಮೇಲಿನ ಕಾಗದ ಸುಲಿದರೆ ಒಳಗೆ ಸೀರೆ ನೆರಿಗೆಯ ಹಾಗೆ ಸಾಲು ಕಾಣುತ್ತೆ. ಅದಕ್ಕೆ 'ನೆರಿಗೆ ರಟ್ಟು' ಅಂತ ಹೆಸರಿಟ್ಟು ಹೆಂಚಿನ ಮಾಡು ಹೊದಿಸಿದೆವು.

ಮಣ್ಣಿಗೆ ಕಾಫಿ ಚರಟ. ಮೊದಲ ಸಲ ಹಸಿ ಪೂರ್ತಿ ಆರಿರಲಿಲ್ಲ. ವಾರದೊಳಗೆ ಪ್ಲಾಟ್‌ಫಾರ್ಮಿನ ಪಕ್ಕದಲ್ಲೆಲ್ಲ ಬೆಳ್ಳಗೆ ಬೂಷ್ಟು ಬಂತು, ಮಗಳು ಅತ್ತೇಬಿಟ್ಟಳು. ಈಗ ಎರಡು ದಿನ ಬಿಸಿಲಿಗೆ ಹರಡಿ, ಬಾಣಲೆಯಲ್ಲಿ ಹುರಿದೇ ಹಾಕುತ್ತೇವೆ. (ಚರಟಕ್ಕೆ ನಿಮ್ಮ ಮನೆಯಲ್ಲಿ ಗಷ್ಟು ಅನ್ನುತ್ತೀರಾ? ಅದನ್ನೂ ತಿಳಿಸಿ.)

ಇನ್ನು ಒಟ್ಟು ಸಾಮಾನಿನ ಮಾತು. ನಮ್ಮಜ್ಜಿ ತೆಂಗಿನ ಚಿಪ್ಪು, ದಾರದ ಉಂಡೆ, ಖಾಲಿ ಪೌಡರ್ ಡಬ್ಬ ಯಾವುದನ್ನೂ ಎಸೆಯಲು ಬಿಡುತ್ತಿರಲಿಲ್ಲ. 'ಇರ್ಲಿ ಬುಡು, ಒದಗ್ತದೆ' ಅನ್ನುತ್ತಿದ್ದರು. ಕಷ್ಟಕ್ಕೆ ಒದಗಿದ, ಸಮಯಕ್ಕೆ ಒದಗಿತು ಅನ್ನುತ್ತೇವಲ್ಲ, ಅದೇ ಒದಗು. ಬೀಸುಕಲ್ಲು, ತೂಗುಮಂಚ ಇದ್ದ ಹಾಗೆ 'ಒದಗುಸಾಮಾನು' ಅಂತ ಮಾಡಿದರೆ ಕಿವಿಗೆ ಒಗ್ಗುತ್ತಾ? ನನಗೆ ಇಷ್ಟವಾಗಿದೆ. ಆದರೆ ಜನರ ಬಾಯಲ್ಲಿ ಮೊದಲೇ ಒಂದು ಪದ ಇದ್ದರೆ ಅದೇ ಮೇಲು. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯಿರಿ. ಡಬ್ಬಿಗೆ ಚೀಟಿ ಅಂಟಿಸಿದ್ದೇವೆ, ಹೆಸರಿನ ಜಾಗ ಇನ್ನೂ ಖಾಲಿ ಇದೆ.